ವಾಷಿಂಗ್ಟನ್: ಒಂದು ಹಳ್ಳಿಯ ಹೆಸರು ಯಾರ ಯಾರ ಮನೆ ಸೇರಿತು

ವಾಷಿಂಗ್ಟನ್ ಸುಂದರ್ 2018ರಿಂದ 2021ರವರೆಗೆ ನಮ್ಮ ಆರ್‌ಸಿಬಿಯಲ್ಲಿದ್ದರು. ಅವರು ಬೌಲಿಂಗಿಗೆ ಬಂದಾಗ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಒಂದು ಪ್ರಶ್ನೆ ಸುಳಿದಿರುತ್ತದೆ. ಚೆನ್ನೈ ಹುಡುಗನಿಗೆ ಈ ಹೆಸರು ಎಲ್ಲಿಂದ ಬಂತು? ಅಪ್ಪ ಅಮೆರಿಕದಲ್ಲಿದ್ದರಾ? ಇಲ್ಲ. ಅವರ ಮನೆಯ ಕಥೆಗೆ ಆಮೇಲೆ ಬರುತ್ತೇನೆ. ಯಾಕಂದರೆ ಅದಕ್ಕೂ ಮೊದಲು ಈ ಹೆಸರು ಎಂಟು ನೂರು ವರ್ಷ ನಡೆದು ಬಂದಿದೆ. ಆ ದಾರಿ ನೋಡಿದರೆ ನಿಜಕ್ಕೂ ಆಶ್ಚರ್ಯ ಆಗುತ್ತದೆ.

ಒಂದು ಲೆಕ್ಕದಿಂದ ಶುರು ಮಾಡೋಣ. 2000ನೇ ಇಸವಿಯ ಜನಗಣತಿಯಲ್ಲಿ ಅಮೆರಿಕದಲ್ಲಿ ವಾಷಿಂಗ್ಟನ್ ಅನ್ನೋ ಅಡ್ಡಹೆಸರಿನವರು 1,63,036 ಜನ ಇದ್ದರು. ಅವರಲ್ಲಿ ನೂರಕ್ಕೆ 90 ಜನ ಕಪ್ಪು ಜನ. ಸ್ಮಿತ್ ಅನ್ನೋ ಹೆಸರಿನವರಲ್ಲಿ ಕಪ್ಪು ಜನ ನೂರಕ್ಕೆ 22 ಮಾತ್ರ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಿಳಿಯ, ನೂರಾರು ಗುಲಾಮರನ್ನು ದುಡಿಸಿಕೊಂಡವನು. ಅವನ ಮನೆತನದ ಹೆಸರು ಇವತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಕಪ್ಪು ಜನರ ಹೆಸರಾಗಿದೆ. ಇದು ಹೇಗಾಯಿತು?

ಮೊದಲು ಇಂಗ್ಲೆಂಡಿಗೆ ಹೋಗಬೇಕು. ಅದರ ಈಶಾನ್ಯ ಮೂಲೆಯಲ್ಲಿ, ಸಂಡರ್‌ಲೆಂಡ್ ಹತ್ತಿರ, ವಾಷಿಂಗ್ಟನ್ ಅನ್ನೋ ಊರಿದೆ. ಹಿಂದೆ ಅದು ಡರ್ಹಂ ಸೀಮೆಯ ಒಂದು ಹಳ್ಳಿ. ಹಳೇ ಇಂಗ್ಲಿಷಿನಲ್ಲಿ ‘ಟನ್’ ಅಂದರೆ ಹೊಲಮನೆ, ಊರು. ‘ಇಂಗ್’ ಅಂದರೆ ಒಬ್ಬನಿಗೆ ಸೇರಿದ್ದು. ಹ್ವಾಸ ಅನ್ನೋ ಯಾರೋ ಒಬ್ಬನ ಕಡೆಯವರು ನೆಲೆ ನಿಂತ ಜಾಗ ಅಂತ ವಿದ್ವಾಂಸರು ಅರ್ಥ ಹೇಳುತ್ತಾರೆ. ನಮ್ಮಲ್ಲಿ ಯಾರೋ ಹಿರಿಯನ ಹೆಸರಿನ ಮುಂದೆ ಹಳ್ಳಿ, ಪುರ, ಸಂದ್ರ ಸೇರಿಸಿ ಊರಿನ ಹೆಸರು ಮಾಡಿದ ಹಾಗೆ.

1183ರಲ್ಲಿ ಡರ್ಹಂನ ಬಿಷಪ್ ತನ್ನ ಜಮೀನುಗಳ ಲೆಕ್ಕ ಬರೆಸಿದ. ಬೋಲ್ಡನ್ ಬುಕ್ ಅಂತ ಅದಕ್ಕೆ ಹೆಸರು. ನಮ್ಮ ಶಾನುಭೋಗರ ಕಡತದ ಥರವೇ. ಯಾರಿಗೆ ಯಾವ ಹಳ್ಳಿ, ಯಾರು ಎಷ್ಟು ಕಂದಾಯ ಕೊಡಬೇಕು, ಎಷ್ಟು ದಿನ ಬಿಟ್ಟಿ ದುಡಿಯಬೇಕು, ಎಲ್ಲ ಅದರಲ್ಲಿದೆ. ಅದರಲ್ಲಿ ಹಾರ್ಟ್‌ಬರ್ನ್ ಊರಿನ ವಿಲಿಯಂ ಅನ್ನೋನ ವಿಷಯ ಬರುತ್ತದೆ. ಅವನು ಹಾರ್ಟ್‌ಬರ್ನ್ ಬಿಟ್ಟುಕೊಟ್ಟು ಅದರ ಬದಲಿಗೆ ವಾಷಿಂಗ್ಟನ್ ಹಳ್ಳಿ ಪಡೆದಿದ್ದಾನೆ. ಚರ್ಚು, ಚರ್ಚಿನ ಭೂಮಿ ಮಾತ್ರ ಅವನಿಗಿಲ್ಲ. ವರ್ಷಕ್ಕೆ 4 ಪೌಂಡ್ ಕೊಡಬೇಕು. ಬಿಷಪ್ ದೊಡ್ಡ ಬೇಟೆಗೆ ಹೊರಟಾಗ 4 ಬೇಟೆನಾಯಿ ಕರೆದುಕೊಂಡು ಹಾಜರಾಗಬೇಕು. ಇಷ್ಟೇ. ಎರಡು ಸಾಲಿನ ಲೆಕ್ಕ. ಆದರೆ ಊರು ಬದಲಾದ ಮೇಲೆ ಅವನ ಹೆಸರೂ ಬದಲಾಯಿತು. ಹಾರ್ಟ್‌ಬರ್ನಿನ ವಿಲಿಯಂ ಇದ್ದವನು ವೆಸ್ಸಿಂಗ್ಟನ್ನಿನ (ವಾಷಿಂಗ್ಟನ್ನಿನ ಹಳೇ ರೂಪ ಅದು) ವಿಲಿಯಂ ಆದ. ಅವನು ಆ ಅದಲುಬದಲು ಮಾಡಿಕೊಳ್ಳದೆ ಹೋಗಿದ್ದರೆ ಅಮೆರಿಕದ ರಾಜಧಾನಿಯ ಹೆಸರು ಹಾರ್ಟ್‌ಬರ್ನ್ ಆಗಿರುತ್ತಿತ್ತೇನೋ!

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳೋ ಅಗತ್ಯವೇ ಇಲ್ಲ. ಗೋಕಾಕ, ಜಮಖಂಡಿ, ಕಿತ್ತೂರ ಅಂತ ಊರಿನ ಹೆಸರೇ ಮನೆತನದ ಹೆಸರಾಗಿದೆ ಅಲ್ವಾ? ಊರು ಬಿಟ್ಟು ನಾಲ್ಕು ತಲೆಮಾರಾದರೂ ಹೆಸರು ಮಾತ್ರ ಬಿಡೋದಿಲ್ಲ. ವಾಷಿಂಗ್ಟನ್ನರಿಗೂ ಹಾಗೇ ಆಯಿತು. ಒಂದು ಕವಲು ಪಶ್ಚಿಮಕ್ಕೆ ಹೋಗಿ ಲ್ಯಾಂಕಶೈರಿನ ವಾರ್ಟನ್ನಿನಲ್ಲಿ ನಿಂತಿತು. ಅಲ್ಲಿಂದ ಬಂದ ಲಾರೆನ್ಸ್ ಅನ್ನೋನು ಉಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿದ, ನಾರ್ಥಾಂಪ್ಟನ್ ಪಟ್ಟಣದ ಮೇಯರ್ ಆದ. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿ ಮಾರಿದಾಗ, 1539ರಲ್ಲಿ ಸಲ್‌ಗ್ರೇವ್ ಅನ್ನೋ ಊರಿನ ಜಮೀನು ಕೊಂಡು ಮನೆ ಕಟ್ಟಿಸಿದ. ಈ ಮನೆತನದ ಲಾಂಛನದಲ್ಲಿ ಎರಡು ಕೆಂಪು ಪಟ್ಟಿ, ಮೂರು ಕೆಂಪು ನಕ್ಷತ್ರ. ಇವತ್ತು ಅಮೆರಿಕದ ರಾಜಧಾನಿಯ ಬಾವುಟದಲ್ಲಿ ಇರೋದೂ ಅದೇ.

ಅವನ ವಂಶದ ಇನ್ನೊಬ್ಬ ಲಾರೆನ್ಸ್ ಎಸೆಕ್ಸಿನ ಪರ್ಲಿ ಅನ್ನೋ ಊರಲ್ಲಿ ಪಾದ್ರಿಯಾಗಿದ್ದ. ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ ಕಾಲ. ಈ ಪಾದ್ರಿ ರಾಜನ ಕಡೆಯವನು. 1643ರಲ್ಲಿ ಹೆಂಡದಂಗಡಿಗೆ ಹೋಗುತ್ತಾನೆ ಅಂತ ಆರೋಪ ಹೊರಿಸಿ ಅವನನ್ನು ಕೆಲಸದಿಂದ ಕಿತ್ತುಹಾಕಿದರು. ಮನೆ ಬಡತನಕ್ಕೆ ಬಿತ್ತು. ಮಗ ಜಾನ್ ಹೊಟ್ಟೆಪಾಡಿಗೆ ಹಡಗು ಹತ್ತಿದ. ವರ್ಜೀನಿಯಾಕ್ಕೆ ಹೋಗಿ ಹೊಗೆಸೊಪ್ಪು ತುಂಬಿಕೊಂಡು ವಾಪಸ್ ಬರೋದು ಅವರ ಲೆಕ್ಕಾಚಾರ. 1657ರ ಶುರುವಿನಲ್ಲಿ ಸರಕು ತುಂಬಿದ ಹಡಗು ಪೊಟೊಮ್ಯಾಕ್ ನದಿಯಲ್ಲಿ ನೆಲಕ್ಕೆ ತಾಗಿ ಸಿಕ್ಕಿಕೊಂಡಿತು, ಮುಳುಗಿತು. ಹಡಗು ರಿಪೇರಿ ಆಗೋ ಹೊತ್ತಿಗೆ ಜಾನ್ ಅಲ್ಲೇ ಉಳಿಯೋ ಮನಸ್ಸು ಮಾಡಿದ್ದ. ಅಲ್ಲಿಯ ಜಮೀನ್ದಾರ ನಥಾನಿಯಲ್ ಪೋಪ್‌ನ ಮಗಳನ್ನು ಮದುವೆಯಾದ. ಮಾವ 700 ಎಕರೆ ಕೊಟ್ಟ. ಈ ಜಾನ್‌ನ ಮರಿಮಗನೇ ಜಾರ್ಜ್.

ಜಾರ್ಜ್ ವಾಷಿಂಗ್ಟನ್ ಬಗ್ಗೆ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅವನ ಮುಂದೆ ಶರಣಾದ ಸೇನೆ ಕಾರ್ನ್‌ವಾಲಿಸ್‌ನದು. ಹನ್ನೊಂದು ವರ್ಷ ಆದಮೇಲೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನೂ ಅದೇ ಕಾರ್ನ್‌ವಾಲಿಸ್. ಆದರೆ ಹೆಸರಿನ ಕಥೆಗೆ ಬೇಕಾದ ವಿಷಯ ಬೇರೆ. ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ. 11ನೇ ವಯಸ್ಸಿಗೆ ಅಪ್ಪ ಸತ್ತಾಗ ಅವನ ಪಾಲಿಗೆ 10 ಜನ ಗುಲಾಮರು ಬಂದಿದ್ದರು. 1799ರಲ್ಲಿ ಅವನು ಸತ್ತಾಗ ಮೌಂಟ್ ವೆರ್ನನ್ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಅವರಲ್ಲಿ ಅವನ ಸ್ವಂತದವರು 123. ಅವರನ್ನು ಬಿಡುಗಡೆ ಮಾಡಬೇಕು ಅಂತ ಉಯಿಲು ಬರೆದಿಟ್ಟಿದ್ದ. ಉಳಿದವರಲ್ಲಿ ಹೆಚ್ಚಿನವರು ಹೆಂಡತಿಯ ಮೊದಲ ಗಂಡನ ಆಸ್ತಿಗೆ ಸೇರಿದವರು. ಅವರಿಗೆ ಬಿಡುಗಡೆ ಇರಲಿಲ್ಲ. ಗಂಡ ಸ್ವತಂತ್ರ, ಹೆಂಡತಿ ಮಕ್ಕಳು ಗುಲಾಮರು, ಹೀಗೆ ಎಷ್ಟೋ ಸಂಸಾರ ಒಡೆದುಹೋದವು.

ಈ ಎಸ್ಟೇಟಿನಿಂದ ಹೊರಟ ಒಬ್ಬನ ಕಥೆ ಓದಿದಾಗಿನಿಂದ ನನ್ನ ಮನಸ್ಸಿನಿಂದ ಹೋಗಿಲ್ಲ. ಅವನ ಹೆಸರು ಹ್ಯಾರಿ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಸೀಮೆಯಲ್ಲಿ ಹುಟ್ಟಿದವನು. 1763ರಲ್ಲಿ ಜಾರ್ಜ್ ಅವನನ್ನು ಕೊಂಡು ಒಂದು ದೊಡ್ಡ ಜೌಗು ಪ್ರದೇಶದ ನೀರು ಬಸಿಯೋ ಕೆಲಸಕ್ಕೆ ಹಾಕಿದ. ಆಮೇಲೆ ಮೌಂಟ್ ವೆರ್ನನ್ನಿನಲ್ಲಿ ಕುದುರೆ ನೋಡಿಕೊಳ್ಳೋ ಕೆಲಸ. 1771ರಲ್ಲಿ ಓಡಿಹೋದ, ಸಿಕ್ಕಿಬಿದ್ದ. ಸ್ವಾತಂತ್ರ್ಯ ಯುದ್ಧ ಶುರುವಾದಾಗ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಒಂದು ಘೋಷಣೆ ಹೊರಡಿಸಿದ. ದಂಗೆಕೋರರ ಗುಲಾಮರು ನಮ್ಮ ಕಡೆ ಬಂದು ಹೋರಾಡಿದರೆ ಬಿಡುಗಡೆ ಅಂತ. 1776ರಲ್ಲಿ ಹ್ಯಾರಿ ಮತ್ತೆ ಓಡಿದ. ಈ ಸಲ ಸಿಗಲಿಲ್ಲ. ಬ್ರಿಟಿಷರ ಕಪ್ಪು ದಳದಲ್ಲಿ ಕಾರ್ಪೊರಲ್ ಆದ.

ಯುದ್ಧ ಮುಗಿಯಿತು. ಬ್ರಿಟಿಷರು ಸೋತರು. 1783ರ ಮೇನಲ್ಲಿ ಜಾರ್ಜ್ ಬ್ರಿಟಿಷ್ ಸೇನಾಪತಿ ಕಾರ್ಲ್‌ಟನ್‌ನ ಎದುರು ಕೂತು, ನಮ್ಮ ಗುಲಾಮರನ್ನು ವಾಪಸ್ ಕೊಡಿ ಅಂತ ಕೇಳಿದ. ಕೊಟ್ಟ ಮಾತು ಮುರಿಯೋದಿಲ್ಲ ಅಂತ ಕಾರ್ಲ್‌ಟನ್ ನಿಂತ. ನ್ಯೂಯಾರ್ಕಿನಿಂದ ಹೊರಟ ಸುಮಾರು 3000 ಕಪ್ಪು ಜನರ ಹೆಸರು, ವಯಸ್ಸು, ಹಿಂದಿನ ಧಣಿಯ ಹೆಸರು ಎಲ್ಲ ಒಂದು ದಫ್ತರಿನಲ್ಲಿ ಬರೆಸಿದ. ಆ ದಫ್ತರಿನಲ್ಲಿ ಇದ್ದಾನೆ ನಮ್ಮವನು. ಹ್ಯಾರಿ ವಾಷಿಂಗ್ಟನ್, ವಯಸ್ಸು 43, ಒಳ್ಳೇ ಆಳು, ಮೊದಲು ಜನರಲ್ ವಾಷಿಂಗ್ಟನ್ ಆಸ್ತಿ, ಅವನನ್ನು ಬಿಟ್ಟು 7 ವರ್ಷ ಆಯಿತು. ಎಸ್ಟೇಟಿನ ಲೆಕ್ಕದಲ್ಲಿ ಬರೀ ಹ್ಯಾರಿ ಆಗಿದ್ದವನು ಇಲ್ಲಿ ಎರಡು ಹೆಸರಿನ ಮನುಷ್ಯ.

ಹಡಗು ಕೆನಡಾದ ನೋವಾ ಸ್ಕೋಶಿಯಾಕ್ಕೆ ಹೋಯಿತು. ಅಲ್ಲಿ ಕಲ್ಲು ನೆಲ, ಕೊರೆಯೋ ಚಳಿ, ಹೇಳಿದಷ್ಟು ಜಮೀನು ಸಿಗಲಿಲ್ಲ. 1792ರಲ್ಲಿ 15 ಹಡಗುಗಳಲ್ಲಿ ಸುಮಾರು 1200 ಜನ ಮತ್ತೆ ಹೊರಟರು, ಆಫ್ರಿಕಾದ ಸಿಯೆರಾ ಲಿಯೋನ್ ಕಡೆ. ಫ್ರೀಟೌನ್ ಕಟ್ಟಿದವರು ಅವರೇ. ಹ್ಯಾರಿಯೂ ಅವರಲ್ಲಿ ಒಬ್ಬ. ಹುಟ್ಟಿದ ನೆಲದ ಹತ್ತಿರಕ್ಕೆ ಸುಮಾರು ಮೂವತ್ತು ವರ್ಷ ಆದಮೇಲೆ ವಾಪಸ್ ಬಂದ. ಡರ್ಹಂನ ಒಂದು ಹಳ್ಳಿಯ ಹೆಸರನ್ನೂ ತನ್ನ ಜೊತೆ ತಂದ. ಅಲ್ಲೂ ನೆಮ್ಮದಿ ಇರಲಿಲ್ಲ. ಊರು ನಡೆಸುತ್ತಿದ್ದ ಬ್ರಿಟಿಷ್ ಕಂಪನಿ ಜಮೀನಿಗೆ ಕಂದಾಯ ಹಾಕಿತು. ನಾವು ಕೊಡೋದಿಲ್ಲ, ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆ ಅಂತ 1800ರಲ್ಲಿ ಜನ ದಂಗೆ ಎದ್ದರು. ಹ್ಯಾರಿ ಅವರ ಜೊತೆ ಇದ್ದ. ಅವನನ್ನು ಹಿಡಿದು, ಸೈನಿಕ ವಿಚಾರಣೆ ಮಾಡಿ, ನದಿಯ ಆಚೆ ಬುಲ್ಲಮ್ ದಡಕ್ಕೆ ಗಡೀಪಾರು ಮಾಡಿದರು. ಬ್ರಿಟಿಷರ ತೆರಿಗೆಯ ವಿರುದ್ಧ ಎದ್ದ ಒಬ್ಬ ವಾಷಿಂಗ್ಟನ್ ದೇಶದ ಅಧ್ಯಕ್ಷನಾದ. ಇನ್ನೊಬ್ಬ ನದಿಯಾಚೆ ಹೋದ. ನನ್ನ ಮಟ್ಟಿಗೆ ಇಬ್ಬರೂ ಆ ಹೆಸರಿಗೆ ಸಮಾನ ಹಕ್ಕುದಾರರು.

ಹ್ಯಾರಿಯಂಥವರು ಕಡಿಮೆ. ಅಮೆರಿಕದಲ್ಲಿ ಗುಲಾಮಗಿರಿ ಪೂರ್ತಿ ಹೋಗಿದ್ದು 1865ರಲ್ಲಿ. ಅಲ್ಲಿಯವರೆಗೆ ಧಣಿಗಳ ಪುಸ್ತಕಗಳಲ್ಲಿ ಗುಲಾಮರಿಗೆ ಸಾಮಾನ್ಯವಾಗಿ ಒಂದೇ ಹೆಸರು. ತಮ್ಮತಮ್ಮಲ್ಲಿ ಅಡ್ಡಹೆಸರು ಇಟ್ಟುಕೊಂಡಿದ್ದವರು ಎಷ್ಟೋ ಜನ ಇದ್ದರು. ಆದರೆ ಧಣಿಯ ಮುಂದೆ ಅದನ್ನು ಹೇಳುತ್ತಿರಲಿಲ್ಲ. ಬಿಡುಗಡೆ ಆದ ಮೇಲೆ ಪೂರ್ತಿ ಹೆಸರನ್ನು ಬಾಯಿ ಬಿಟ್ಟು ಹೇಳೋದೇ ಸ್ವಾತಂತ್ರ್ಯದ ಮೊದಲ ಕೆಲಸಗಳಲ್ಲಿ ಒಂದಾಯಿತು.

ಬುಕರ್ ಟಿ. ವಾಷಿಂಗ್ಟನ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಬಹಳ ಚೆನ್ನಾಗಿ ಹೇಳಿದ್ದಾರೆ. ಅವರು ಹುಟ್ಟಿದ್ದು 1856ರಲ್ಲಿ, ವರ್ಜೀನಿಯಾದಲ್ಲಿ, ಗುಲಾಮರಾಗಿ. ಬಿಡುಗಡೆ ಆದಮೇಲೆ ಮನೆಯವರೆಲ್ಲ ವೆಸ್ಟ್ ವರ್ಜೀನಿಯಾದ ಮಾಲ್ಡನ್‌ಗೆ ಹೋದರು. ಮಲತಂದೆಗೆ ಅಲ್ಲಿ ಉಪ್ಪಿನ ಕುಲುಮೆಯಲ್ಲಿ ಕೆಲಸ. ಹುಡುಗನನ್ನೂ ಕೆಲಸಕ್ಕೆ ಹಚ್ಚಿದರು. ಒಬ್ಬೊಬ್ಬರು ತುಂಬಿದ ಪೀಪಾಯಿಗೂ ಒಂದೊಂದು ನಂಬರ್. ಮಲತಂದೆಯ ನಂಬರ್ 18. ಸಂಜೆ ಮೇಸ್ತ್ರಿ ಬಂದು ಪೀಪಾಯಿಗಳ ಮೇಲೆ 18 ಅಂತ ಬರೆಯುತ್ತಿದ್ದ. ಬುಕರ್ ಜೀವನದಲ್ಲಿ ಓದಲು ಕಲಿತ ಮೊದಲ ಬರಹ ಅದೇ, 18. ಬೇರೆ ಅಂಕಿ ಗೊತ್ತಿಲ್ಲ, ಒಂದು ಅಕ್ಷರ ಗೊತ್ತಿಲ್ಲ, 18 ಮಾತ್ರ ಎಲ್ಲಿ ಕಂಡರೂ ಗುರುತು ಸಿಗುತ್ತಿತ್ತು.

ಕೊನೆಗೂ ಶಾಲೆಗೆ ಸೇರಿದರು. ಮೇಷ್ಟ್ರು ಹಾಜರಿ ಕರೆಯುತ್ತಿದ್ದಾರೆ. ಪ್ರತಿ ಹುಡುಗನೂ ಎರಡು ಹೆಸರು ಹೇಳುತ್ತಿದ್ದಾನೆ, ಕೆಲವರು ಮೂರು. ಈ ಹುಡುಗನಿಗೆ ಇರೋದು ಬುಕರ್ ಒಂದೇ. ಸರದಿ ಹತ್ತಿರ ಬರುತ್ತಿದೆ. ಎದೆ ಢವಢವ. ಅಷ್ಟರಲ್ಲಿ ಒಂದು ಯೋಚನೆ ಹೊಳೆಯಿತು. ಮೇಷ್ಟ್ರು ಕೇಳಿದಾಗ ಹುಟ್ಟಿದಾಗಿನಿಂದ ಅದೇ ಹೆಸರು ಅನ್ನೋ ಹಾಗೆ ‘ಬುಕರ್ ವಾಷಿಂಗ್ಟನ್’ ಅಂತ ಹೇಳಿಬಿಟ್ಟರು. ಮಲತಂದೆಯ ಮೊದಲ ಹೆಸರು ವಾಷಿಂಗ್ಟನ್. ಅಮ್ಮ ಮೊದಲೇ ಟಾಲಿವರ್ ಅಂತ ಇನ್ನೊಂದು ಹೆಸರು ಇಟ್ಟಿದ್ದರು ಅನ್ನೋದು ಆಮೇಲೆ ಗೊತ್ತಾಯಿತು, ಮಧ್ಯದ ‘ಟಿ’ ಅದರದು. ಮುಂದೆ 1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ಮಕ್ಕಳಿಗಾಗಿ ಶುರುವಾದ ದೊಡ್ಡ ಸಂಸ್ಥೆಯನ್ನು ಬೆಳೆಸಿದವರು ಇವರೇ. ಅವರ ಹೆಸರಿನಿಂದಲೇ ಎಷ್ಟೋ ಕಪ್ಪು ಮನೆಗಳಿಗೆ ವಾಷಿಂಗ್ಟನ್ ಇನ್ನಷ್ಟು ಹತ್ತಿರವಾಯಿತು.

ಅವರೇ ಬರೆದ ಇನ್ನೊಂದು ವಿಷಯ ಇದೆ. ಬಿಡುಗಡೆಯಾದವರು ಎರಡು ಹೆಸರಿನ ಮಧ್ಯೆ ಸುಮ್ನೆ ಒಂದು ಇನಿಶಿಯಲ್ ಸೇರಿಸಿಕೊಳ್ಳುತ್ತಿದ್ದರಂತೆ. ಅದಕ್ಕೆ ಅರ್ಥ ಇಲ್ಲ, ಅದರ ಹಿಂದೆ ಅಪ್ಪನ ಹೆಸರಿಲ್ಲ, ಊರಿನ ಹೆಸರಿಲ್ಲ. ಆದರೂ ಅದು ತಮ್ಮ ಹಕ್ಕು ಅಂತ ಹೆಮ್ಮೆ. ನಾವು ಅರ್ಜಿ ತುಂಬುವಾಗ ಅಪ್ಪನದೊಂದು, ಊರಿನದೊಂದು ಅಂತ ಯೋಚನೆಯೇ ಇಲ್ಲದೆ ಎರಡು ಇನಿಶಿಯಲ್ ಬರೆಯುತ್ತೇವೆ. ಆ ಒಂದು ಖಾಲಿ ಅಕ್ಷರಕ್ಕೆ ಅವರು ಎಷ್ಟು ಕಾದಿದ್ದರು ಅಂತ ನೆನೆದರೆ ಗಂಟಲು ಕಟ್ಟುತ್ತದೆ.

ಅದೆಲ್ಲ ಸರಿ, ಗುಲಾಮರನ್ನು ಇಟ್ಟುಕೊಂಡವನ ಹೆಸರೇ ಯಾಕೆ? ಒಂದೇ ಉತ್ತರ ಇಲ್ಲ. ಕೆಲವರಿಗೆ ಅದು ಹಿಂದಿನ ಧಣಿಗಳ ಮನೆತನದ ಹೆಸರು. ಕೆಲವರಿಗೆ ದೇಶ ಕಟ್ಟಿದವನ ಹೆಸರು, ತಾವೂ ಈ ದೇಶದವರೇ ಅಂತ ಸಾರೋ ದಾರಿ. ಬುಕರ್ ಅವರಿಗೆ ಅದು ಮನೆಯೊಳಗಿನ ಹೆಸರು. ಧಣಿಯ ಗುರುತನ್ನು ಹೊತ್ತರು ಅಂತ ಸಲೀಸಾಗಿ ಹೇಳುವವರ ಮಾತು ನಾನು ಒಪ್ಪೋದಿಲ್ಲ.

ಇನ್ನೊಂದು ಕಡೆ ಇದು ಅಡ್ಡಹೆಸರಿನಿಂದ ಮೊದಲ ಹೆಸರಾಗಿ ದಕ್ಷಿಣ ಅಮೆರಿಕಕ್ಕೂ ಇಳಿಯಿತು. ಬ್ರೆಜಿಲ್, ಉರುಗ್ವೆಯಲ್ಲಿ ಮಕ್ಕಳಿಗೆ ಇಡೋ ಹೆಸರದು. 1926ರಿಂದ 1930ರವರೆಗೆ ಬ್ರೆಜಿಲ್ ಅಧ್ಯಕ್ಷರಾಗಿದ್ದವರು ವಾಷಿಂಗ್ಟನ್ ಲೂಯಿಸ್. ಅತ್ತ ಮೂಲ ಹಳ್ಳಿಯಲ್ಲಿ, ಮನೆತನದ ಜಾಗದಲ್ಲಿದ್ದ ಹಳೇ ಮನೆಯಲ್ಲಿ ಕೊನೆಕೊನೆಗೆ ಹಲವು ಬಡ ಸಂಸಾರಗಳು ಬಾಡಿಗೆಗಿದ್ದವು. 1930ರ ದಶಕದಲ್ಲಿ ವಾಸಕ್ಕೆ ಯೋಗ್ಯವಲ್ಲ ಅಂತ ಕೆಡವಲು ಹೊರಟಾಗ ಊರಿನವರೇ ಸೇರಿ ಉಳಿಸಿಕೊಂಡರು. 1977ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ಊರಿಗೆ ಬಂದು ಗಿಡ ನೆಟ್ಟು ಹೋದರು.

ಈಗ ಚೆನ್ನೈಗೆ. ಸುಂದರ್ ಅವರ ತಂದೆ ಎಂ. ಸುಂದರ್ ಚಿಕ್ಕವರಿದ್ದಾಗ ಮನೆಯಲ್ಲಿ ಬಡತನ, ಕ್ರಿಕೆಟ್ ಮಾತ್ರ ಬಹಳ ಚೆನ್ನಾಗಿ ಆಡುತ್ತಿದ್ದರು. ಟ್ರಿಪ್ಲಿಕೇನಿನಲ್ಲಿ ಮನೆ ಹತ್ತಿರವೇ ಸೈನ್ಯದಿಂದ ನಿವೃತ್ತರಾದ ಒಬ್ಬರಿದ್ದರು, ವಾಷಿಂಗ್ಟನ್ ಅಂತ. ಆಟ ನೋಡೋಕೆ ಬರುತ್ತಿದ್ದವರು ಈ ಹುಡುಗನನ್ನು ಹಚ್ಚಿಕೊಂಡರು. ಶಾಲೆಯ ಫೀಸು ಕಟ್ಟಿದರು, ಯೂನಿಫಾರಂ ಕೊಡಿಸಿದರು, ಪುಸ್ತಕ ಕೊಡಿಸಿದರು, ಸೈಕಲ್ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಕರೆದೊಯ್ದರು. ಅವರು ತೀರಿಕೊಂಡಿದ್ದು 1999ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಸುಂದರ್‌ಗೆ ಮಗ ಹುಟ್ಟಿದ. ಸಂಪ್ರದಾಯದಂತೆ ಕೂಸಿನ ಕಿವಿಯಲ್ಲಿ ‘ಶ್ರೀನಿವಾಸನ್’ ಅಂತ ದೇವರ ಹೆಸರು ಹೇಳಿದರು. ಕರೆಯೋಕೆ ಮಾತ್ರ ಸೈಕಲ್ ತುಳಿದವರ ಹೆಸರಿಟ್ಟರು.