ಮಿರ್ಚಿ ಭಜಿ ಆಮೇಲೆ, ಮೊದಲು ಮೂಗು

ನಾಲ್ಕು ಮಂದಿ ಗೆಳೆಯರು, ನಾಲ್ಕು ಬಾಟಲಿ ಸ್ಕಾಚ್ (ಸ್ಕಾಟ್ಲೆಂಡಿನ ವಿಸ್ಕಿ), ಒಂದು ರವಿವಾರ ಸಂಜೆ. ಹುಬ್ಬಳ್ಳಿ-ಧಾರವಾಡದಲ್ಲಿ ಮೂಸಿ, ರುಚಿ ನೋಡಿ ಹೋಲಿಸುವ ಇಂಥ ಬೈಠಕ್ ಕೆಡುವುದು ಬಹುತೇಕ ಬಾಟಲಿಯಿಂದಲ್ಲ, ಸೆಕೆಯಿಂದ ಮತ್ತು ತಟ್ಟೆಯಿಂದ.

ವಿಸ್ಕಿಯ ಪರಿಮಳ ತಿಳಿಯುವುದು ಸುಮಾರು 20 ಡಿಗ್ರಿಯಲ್ಲಿ. ಏಪ್ರಿಲ್‌ನ ನಮ್ಮ ಕೋಣೆಗಳ ಕಾವಿಗೆ ಮದ್ಯಸಾರವೇ ಮುಂದಾಗಿ ಹಾರಿ ಮೂಗು ಚುರ್ರೆನ್ನುತ್ತದೆ. ಅದರ ಹಿಂದಿನ ಹಣ್ಣು, ಹೊಗೆ ಯಾವುದೂ ಸಿಗುವುದಿಲ್ಲ. ಬಾಟಲಿಯನ್ನು ಅರ್ಧ ತಾಸು ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಫ್ರೀಜರ್ ಬೇಡ, ಐಸಂತೂ ಬೇಡವೇ ಬೇಡ: ತೀರಾ ತಣ್ಣಗಾದರೆ ವಾಸನೆ ಮುದುಡಿಕೊಳ್ಳುತ್ತದೆ.

ಇನ್ನು ತಟ್ಟೆ. ಮಿರ್ಚಿ ಭಜಿ, ಗಿರ್ಮಿಟ್, ಹಸಿ ಉಳ್ಳಾಗಡ್ಡಿ ಬಂದರೆ ನಾಲಿಗೆಯ ಕೆಲಸ ಅಲ್ಲಿಗೆ ಮುಗಿಯಿತು. ಎಲೆಅಡಿಕೆ, ಗುಟ್ಕಾ, ಅತ್ತರು, ಊದಿನಕಡ್ಡಿಯೂ ಅಷ್ಟೇ. ನಡುನಡುವೆ ಬಾಯಿ ಶುಚಿ ಮಾಡಲು ಎಳ್ಳು ಹಚ್ಚದ ಖಡಕ್ ಜೋಳದ ರೊಟ್ಟಿಯಷ್ಟು ಒಳ್ಳೆಯದು ಬೇರೊಂದಿಲ್ಲ. ಸಾವಜಿ ಊಟ ಎಲ್ಲ ಮುಗಿದ ಮೇಲೆ.

ಒಬ್ಬೊಬ್ಬರಿಗೆ ಪ್ರತಿ ಬಾಟಲಿಯಿಂದ 15 ಮಿ.ಲೀ. ಸಾಕು, ನಾಲ್ಕೂ ಸೇರಿದರೆ ಒಂದು ಲಾರ್ಜ್. ಅಗಲ ಬಾಯಿಯ ಟಂಬ್ಲರ್‌ನಲ್ಲಿ ವಾಸನೆ ನಿಲ್ಲದು. ಬಾಯಿ ಕಿರಿದಾದ ಸಣ್ಣ ವೈನ್ ಗ್ಲಾಸ್ ನಡೆಯುತ್ತದೆ, ಮೇಲೊಂದು ಬಸಿ ಮುಚ್ಚಿಡಿ. ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿ. ಲೇಬಲ್ ಕಂಡರೆ ಬೆಲೆ ಮಾತಾಡುತ್ತದೆ, ಮೂಗು ಸುಮ್ಮನಾಗುತ್ತದೆ.

ಸರದಿ ಹಗುರದಿಂದ ಹೊಗೆಯ ಕಡೆಗೆ: ಗ್ಲೆನ್‌ಲಿವೆಟ್ 12, ಶೆರ್ರಿ ವೈನ್ ಪೀಪಾಯಿಯ ಮೆಕ್ಯಾಲನ್ 12, ಬ್ಲ್ಯಾಕ್ ಲೇಬಲ್, ಕೊನೆಗೆ ಐಲಾ ದ್ವೀಪದ ಲಫ್ರೋಯ್ಗ್ 10. ಬ್ಲ್ಯಾಕ್ ಲೇಬಲ್ ಬ್ಲೆಂಡ್, ಅಂದರೆ ಹಲವು ವಿಸ್ಕಿಗಳ ಹಗುರ ಮಿಶ್ರಣ, ಆದರೂ ಮೂರನೆಯದು, ಏಕೆಂದರೆ ಅದರಲ್ಲಿ ತೆಳುವಾಗಿ ಹೊಗೆಯಿದೆ. ಲಫ್ರೋಯ್ಗ್ ಮೊದಲು ಬಂದರೆ ಉಳಿದ ಮೂರೂ ನೀರೆನಿಸುತ್ತವೆ. ಅದರ ಬಾರ್ಲಿ ಮಾಲ್ಟನ್ನು (ಮೊಳಕೆ ಬರಿಸಿದ ಬಾರ್ಲಿ) ಪೀಟ್, ಅಂದರೆ ಜವುಗಿನಲ್ಲಿ ಕೊಳೆತ ಸಸ್ಯದ ಮಣ್ಣು, ಸುಟ್ಟ ಹೊಗೆಯಲ್ಲಿ ಒಣಗಿಸುತ್ತಾರೆ. ಮೊದಲ ಸಲ ಮೂಸಿದವರು "ಏನಪಾ, ಇದು ಟಿಂಚರ್ ನಾತ ಹೊಡೀತೈತಿ!" ಎನ್ನುತ್ತಾರೆ. ಅನ್ನಲಿ, ವರ್ಣನೆ ಸರಿಯಾಗೇ ಇದೆ. ಮೆಕ್ಯಾಲನ್‌ನ ಗ್ಲಾಸಿನಲ್ಲಿ ಸಿಗುವಂಥ ವಾಸನೆ ಬಂದರೆ ಒಣದ್ರಾಕ್ಷಿ, ಉತ್ತತ್ತಿ ಎಂದು ನಂಬರಿನ ಮುಂದೆ ಬರೆದುಕೊಳ್ಳಿ. ಪರದೇಶದ ಹಣ್ಣಿನ ಹೆಸರು ಹುಡುಕಬೇಕಿಲ್ಲ. ಹುರಿದ ಖೋವಾದ ವಾಸನೆಗೆ ಧಾರವಾಡ ಪೇಡೆಗಿಂತ ಚಲೋ ಅಳತೆಗೋಲು ಯಾವುದು?

ಬಣ್ಣ ನೋಡಿ ತೀರ್ಪು ಕೊಡುವವರನ್ನು ನಂಬಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಬ್ರಿಟನ್ನಿನ ಕಾನೂನೇ ಒಪ್ಪುತ್ತದೆ. ಲೇಬಲ್ ಮೇಲಿನ 12 ಎಂದರೆ ಒಳಗಿರುವ ಅತಿ ಎಳೆಯ ವಿಸ್ಕಿಯ ವಯಸ್ಸು.

ಬಹಳ ಮಂದಿ ಮರೆಯುವುದು ಕಡಕುತನದ, ಅಂದರೆ ಮದ್ಯಸಾರದ ಪ್ರಮಾಣದ, ಲೆಕ್ಕ. ಇಲ್ಲಿ ಕೊಂಡ ಬಾಟಲಿ ಅನೇಕ ಸಲ 42.8 ಪ್ರತಿಶತ, ವಿಮಾನ ನಿಲ್ದಾಣದ್ದು 40, ಕೆಲವು 46. ಹೆಚ್ಚು ಕಡಕಿನದು ಸುಮ್ಮನೆ 'ಚಲೋ' ಅನಿಸಿಬಿಡುತ್ತದೆ. ಮೆಡಿಕಲ್ ಶಾಪಿನ 5 ಮಿ.ಲೀ. ಸಿರಿಂಜ್ ತನ್ನಿ, ಸೂಜಿ ಬೇಡ. 46ರ ವಿಸ್ಕಿ 15 ಮಿ.ಲೀ.ಗೆ ಎರಡೂಕಾಲು ಮಿ.ಲೀ. ನೀರು, 42.8ರದ್ದಕ್ಕೆ ಒಂದು ಮಿ.ಲೀ. ಹಾಕಿದರೆ ಎಲ್ಲವೂ 40ಕ್ಕೆ ಬರುತ್ತವೆ. ಬೋರ್‌ವೆಲ್ ನೀರಿನ ಗಡಸು ರುಚಿ ಅಡ್ಡ ಬರುತ್ತದೆ, ಆರ್‌ಒ ನೀರು ಬಳಸಿ.

ಮೂಸುವಾಗ ಬಾಯಿ ತುಸು ತೆರೆದಿರಲಿ, ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ. ಒಂದು ಗುಟುಕು ಬಾಯಲ್ಲಿ ಐದಾರು ಸೆಕೆಂಡು ತಿರುಗಿಸಿ ನುಂಗಿ. ಎರಡನೇ ಸುತ್ತಿಗೆ ಅರ್ಧ ಚಮಚ ನೀರು ಸೇರಿಸಿ ಮತ್ತೆ ಮೂಸಿ. ಬರೆದದ್ದನ್ನು ಪೇಪರ್ ಬಿಚ್ಚುವ ತನಕ ಯಾರಿಗೂ ತೋರಿಸಬೇಡಿ. ಗುಂಪಿನಲ್ಲಿ ದನಿ ದೊಡ್ಡದಿದ್ದವನ ಮಾತೇ ಎಲ್ಲರ ರುಚಿಯಾಗುತ್ತದೆ.

ಖಾಲಿ ಗ್ಲಾಸುಗಳನ್ನು ಆ ರಾತ್ರಿ ತೊಳೆಯಬೇಡಿ. ಬೆಳಗ್ಗೆ ಒಣಗಿದ ತಳ ಮೂಸಿದರೆ ಮದ್ಯಸಾರ ಹೋಗಿರುತ್ತದೆ. ಒಂದರಲ್ಲಿ ಪೀಪಾಯಿ ಮರದ ಸಿಹಿ, ಇನ್ನೊಂದರಲ್ಲಿ ಆರಿದ ಒಲೆಯ ಬೂದಿ.