ಮುಲಿಯನ್: ಕಿಟಕಿಯೊಳಗಿನ ಕಲ್ಲುಕಂಬ

ಇಂಗ್ಲೆಂಡಿನ ಹಳೆಯ ಕಲ್ಲಿನ ಮನೆಗಳಲ್ಲಿ ಅಗಲವಾದ ಕಿಟಕಿಯನ್ನು ಉದ್ದನೆಯ ಕಂಡಿಗಳಾಗಿ ವಿಭಾಗಿಸುತ್ತ, ಕೆಳಗಿನ ಹಾಸುಗಲ್ಲಿನಿಂದ ಮೇಲಿನ ಅಡ್ಡಗಲ್ಲಾದ ಲಿಂಟಲ್‌ವರೆಗೆ ನೆಟ್ಟಗೆ ನಿಲ್ಲುವ ತೆಳು ಕಲ್ಲುಕಂಬವನ್ನು ಮುಲಿಯನ್ ಎನ್ನುತ್ತಾರೆ. ಕಿಟಕಿ ಎತ್ತರವಾಗಿದ್ದರೆ ಇದಕ್ಕೆ ಅಡ್ಡಲಾಗಿ ಹಾಯುವ ಕಲ್ಲಿನ ಪಟ್ಟಿಯೂ ಇರುತ್ತದೆ, ಅದು ಟ್ರಾನ್ಸಮ್.

ನೋಡುವವರು ಇದನ್ನು ಅಲಂಕಾರವೆಂದು ಭಾವಿಸುವುದುಂಟು. ಆದರೆ ಮುಲಿಯನ್ ಹುಟ್ಟಿದ್ದು ಕಲ್ಲು ಮತ್ತು ಗಾಜು ಎರಡರ ಮಿತಿಯಿಂದ. ಕಲ್ಲು ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆಯಾದರೂ ಬಾಗುವುದನ್ನು ತಾಳಲಾರದು. ನಡುವೆ ಆಧಾರವಿಲ್ಲದೆ ಉದ್ದಕ್ಕೆ ಚಾಚಿದ ಲಿಂಟಲ್ ಬಿರುಕು ಬಿಡುತ್ತದೆ. ದೊಡ್ಡ ಹಾಳೆಯ ಗಾಜು ಆಗ ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ, ಊದಿ ತಯಾರಿಸಿದ ಗಾಜನ್ನು ಸಣ್ಣ ಬಿಲ್ಲೆಗಳಾಗಿ ಕತ್ತರಿಸಿ, ಸೀಸದ ಪಟ್ಟಿಗಳಿಂದ ಒಂದಕ್ಕೊಂದು ಜೋಡಿಸಿ, ಗಾಳಿಯ ರಭಸಕ್ಕೆ ಒಳಗೆ ಬಾಗದಂತೆ ಕಬ್ಬಿಣದ ಸರಳುಗಳಿಗೆ ಕಟ್ಟುತ್ತಿದ್ದರು. ಆ ಸರಳುಗಳ ತುದಿಯನ್ನು ಹಿಡಿದಿಡುತ್ತಿದ್ದುದೂ ಮುಲಿಯನ್ನೇ.

ಈ ಮಿತಿಯೇ ವೈಭವವಾಗಿ ಮಾರ್ಪಟ್ಟದ್ದನ್ನು ನೋಡಬೇಕಾದರೆ ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್‌ಗಿಂತ ಉತ್ತಮ ನಿದರ್ಶನ ಸಿಗಲಿಕ್ಕಿಲ್ಲ. ಶ್ರೂಸ್‌ಬರಿಯ ಕೌಂಟೆಸ್ ಆಗಿದ್ದ, ಬೆಸ್ ಆಫ್ ಹಾರ್ಡ್‌ವಿಕ್ ಎಂದೇ ಪ್ರಸಿದ್ಧಳಾದ ಎಲಿಜಬೆತ್ 1590ರ ದಶಕದಲ್ಲಿ ಇದನ್ನು ಕಟ್ಟಿಸಿದಳು. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದೆಂದು ಪರಿಗಣಿಸಲಾಗಿದೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಕಿಟಕಿಯ ವಿಸ್ತಾರವೇ ಸಿರಿವಂತಿಕೆಯ ಘೋಷಣೆ. ‘ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಹೆಚ್ಚು’ ಎಂಬರ್ಥದ ಪ್ರಾಸದ ಮಾತೊಂದು ಆ ಮನೆಯ ಬಗ್ಗೆ ಈಗಲೂ ಚಾಲ್ತಿಯಲ್ಲಿದೆ. ಅತಿಥಿಗಳನ್ನು ಬರಮಾಡಿಕೊಳ್ಳುವ ರಾಜೋಚಿತ ಕೋಣೆಗಳು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿರುವುದರಿಂದ ಅಲ್ಲಿನ ಕಿಟಕಿಗಳೇ ಅತ್ಯಂತ ಎತ್ತರವಾಗಿವೆ. ಹೊರಗೋಡೆಗಳನ್ನು ಕಿಟಕಿಗಳಿಗೆ ಬಿಟ್ಟುಕೊಡಲು ಹೊಗೆಗೂಡುಗಳನ್ನು ಒಳಗೋಡೆಗಳಿಗೆ ಸರಿಸಲಾಗಿದೆ. ಸಾಲುಗಳ ಸಮತೆ ಕೆಡದಿರಲೆಂದು ಹಿಂದೆ ಬರಿಯ ಗೋಡೆಯಿರುವ ಕಡೆಯೂ ಸುಳ್ಳು ಕಿಟಕಿಗಳನ್ನು ಇಟ್ಟಿರುವುದು ಆಕೆಯ ಹಟಕ್ಕೆ ಸಾಕ್ಷಿಯೆನ್ನಬೇಕು.

ಸಾಮಾನ್ಯ ಮನೆಗಳಲ್ಲಿ ಎರಡು, ಮೂರು ಅಥವಾ ನಾಲ್ಕು ಕಂಡಿಗಳ ತಗ್ಗು ಕಿಟಕಿಗಳೇ ಹೆಚ್ಚು. ಅವುಗಳ ನೆತ್ತಿಯ ಮೇಲೆ ಮಳೆನೀರು ಗಾಜಿನ ಮೇಲೆ ಇಳಿಯದಂತೆ ಪಕ್ಕಕ್ಕೆ ಹಾಯಿಸುವ ಕಲ್ಲಿನ ಅಂಚು ಮುಂದೆ ಚಾಚಿಕೊಂಡಿರುತ್ತದೆ.

ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ, ಮೇಲಕ್ಕೂ ಕೆಳಕ್ಕೂ ಸರಿಯುವ ಮರದ ಸ್ಯಾಷ್ ಕಿಟಕಿ ಬಂದು ಮುಲಿಯನ್ ಹಳೆಯ ಶೈಲಿಯೆನಿಸಿತು. ಹಲವು ಮನೆಗಳಲ್ಲಿ ಅದನ್ನು ಒಡೆದು ತೆಗೆದರು. ಆದರೆ ಕಾಟ್ಸ್‌ವೋಲ್ಡ್ಸ್‌ನಂಥ ಕಲ್ಲಿನ ಸೀಮೆಯ ಕುಶಲಕರ್ಮಿಗಳು ಅದನ್ನು ಮುಂದಿನ ಶತಮಾನದಲ್ಲೂ ಕೆತ್ತುತ್ತಿದ್ದರು, ವಿಕ್ಟೋರಿಯಾ ಕಾಲದ ವಾಸ್ತುಶಿಲ್ಪಿಗಳು ಅದನ್ನು ಮತ್ತೆ ಮೆಚ್ಚಿ ಬಳಸಿದರು. ಹಾಗಾಗಿ ಮುಲಿಯನ್ ಇದೆಯೆಂಬ ಒಂದೇ ಆಧಾರದಿಂದ ಮನೆಯ ಕಾಲವನ್ನು ನಿರ್ಧರಿಸುವಂತಿಲ್ಲ; ಅದರ ಅಂಚನ್ನು ಓರೆಯಾಗಿ ಕೆತ್ತಿದೆಯೇ, ಒಳಬಾಗಿಸಿದೆಯೇ, ಉಬ್ಬಿಸಿದೆಯೇ ಎಂಬುದನ್ನೂ ಕಲ್ಲಿನ ಮೇಲಿನ ಉಳಿಗುರುತುಗಳನ್ನೂ ಪರಿಶೀಲಿಸಬೇಕಾಗುತ್ತದೆ.