ಬೊಗೋಟಾ ಬ್ಯಾಗ್: ಹೊಟ್ಟೆ ಹೊಲಿಯದೆ ಬಿಡುವುದು ಯಾಕೆ?

‘ಆಪರೇಷನ್ ಆಗಿದೆ, ಆದರೆ ಹೊಟ್ಟೆ ಹೊಲಿದಿಲ್ಲ.’ ಐಸಿಯು ಬಾಗಿಲಲ್ಲಿ ಈ ಮಾತು ಕೇಳಿದ ಮನೆಯವರ ಎದೆ ಧಸಕ್ಕೆನ್ನುತ್ತದೆ. ಕೆಲಸ ಅರ್ಧಕ್ಕೇ ಬಿಟ್ಟರೇ, ಕೈಚೆಲ್ಲಿದರೇ ಎಂಬ ಅನುಮಾನ ಬರುವುದು ಸಹಜ. ಅಂಥ ರೋಗಿಯ ಕೇಸ್ ಶೀಟಿನಲ್ಲಿ ಕಾಣಿಸಬಹುದಾದ ಒಂದು ಪದ ‘ಬೊಗೋಟಾ ಬ್ಯಾಗ್’, ಅಂದರೆ ತೆರೆದ ಹೊಟ್ಟೆಗೆ ತಾತ್ಕಾಲಿಕವಾಗಿ ಹೊಲಿಯುವ ಪ್ಲಾಸ್ಟಿಕ್ ಹೊದಿಕೆ. ಹೊಲಿದರೆ ಜೀವಕ್ಕೇ ಕುತ್ತು ಎಂದು ಕಂಡಾಗ ಸರ್ಜನ್ನರು ಯೋಚಿಸಿಯೇ ಈ ದಾರಿ ಹಿಡಿಯುತ್ತಾರೆ.

ಬೊಗೋಟಾ ಕೊಲಂಬಿಯಾ ದೇಶದ ರಾಜಧಾನಿ. 1984ರಲ್ಲಿ ಅಲ್ಲಿನ ಸ್ಯಾನ್ ಹುವಾನ್ ದೆ ದಿಯೋಸ್ ಆಸ್ಪತ್ರೆಯಲ್ಲಿ, ಇನ್ನೂ ತರಬೇತಿಯಲ್ಲಿದ್ದ ಓಸ್ವಾಲ್ಡೋ ಬೊರ್ರಾಯೆಸ್ ಮುಚ್ಚಲು ಬಾರದ ಹೊಟ್ಟೆಯೊಂದಕ್ಕೆ ಸಲೈನ್ ಚೀಲದ ಪ್ಲಾಸ್ಟಿಕ್ಕನ್ನೇ ಹೊಲಿದರು. ಕೈಗೆ ಸಿಕ್ಕಿದ್ದರಲ್ಲಿ ಹುಡುಕಿದ ಆ ಉಪಾಯ ಊರಿನ ಹೆಸರಲ್ಲೇ ಲೋಕಕ್ಕೆಲ್ಲ ಹಬ್ಬಿತು. ಕ್ರಿಮಿರಹಿತವಾದ ಮೂರು ಲೀಟರಿನ ದೊಡ್ಡ ಚೀಲವನ್ನು ಕತ್ತರಿಸಿ ಬಿಡಿಸಿ, ಗಾಯದ ಅಳತೆಗೆ ತಂದು, ಅಂಚನ್ನು ಸುತ್ತಲಿನ ಚರ್ಮಕ್ಕೆ ಹೊಲಿಯುತ್ತಾರೆ. ನಮ್ಮ ದೇಶದಲ್ಲಿ ಸ್ಟೆರೈಲ್ ಯೂರೋಬ್ಯಾಗನ್ನು (ಮೂತ್ರ ಸಂಗ್ರಹಿಸುವ ಚೀಲ) ಬಳಸುವುದೂ ಉಂಟು. ಚೀಲ ಪಾರದರ್ಶಕ. ಒಳಗಿನ ಕರುಳು ಗುಲಾಬಿ ಬಣ್ಣದಲ್ಲಿದೆಯೋ, ರಕ್ತ ಸಾಲದೆ ಕಪ್ಪಿಡುತ್ತಿದೆಯೋ ಎಂಬುದು ಮಂಚದ ಪಕ್ಕ ನಿಂತರೇ ಕಾಣುತ್ತದೆ. ಬೆಲೆ ತೀರಾ ಕಡಿಮೆಯಾದ್ದರಿಂದ ಬಡವರ ಆಸ್ಪತ್ರೆಗೂ ಇದು ಎಟುಕುತ್ತದೆ. ನನಗೆ ಈ ಉಪಾಯದ ಮೇಲೆ ಗೌರವ ಹುಟ್ಟಿದ್ದೇ ಇಲ್ಲಿ.

ಹೊಲಿದರೆ ಏನಾಗುತ್ತದೆ? ಅಪಘಾತದಲ್ಲಿ ರಕ್ತ ಬಸಿದುಹೋದವರಿಗೆ, ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವಾದವರಿಗೆ, ಮೇದೋಜೀರಕ ಗ್ರಂಥಿ ತೀವ್ರವಾಗಿ ಉರಿಯೂತಗೊಂಡವರಿಗೆ ಲೀಟರ್‌ಗಟ್ಟಲೆ ದ್ರವ ಕೊಡಬೇಕಾಗುತ್ತದೆ. ಕರುಳು ನೀರು ಹೀರಿದ ಹಾಗೆ ಊದಿಕೊಳ್ಳುತ್ತದೆ. ಆಗ ಹೊಲಿಗೆ ಹಾಕುವುದೆಂದರೆ ತುಂಬಿ ಬಿರಿಯುವ ಗೋಣಿಚೀಲದ ಬಾಯಿಯನ್ನು ಎಳೆದು ಕಟ್ಟಿದಂತೆ. ಒಳಗಿನ ಒತ್ತಡ ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯನ್ನು ಮೇಲಕ್ಕೆ ನೂಕುತ್ತದೆ, ವೆಂಟಿಲೇಟರ್ ಗಾಳಿ ತುಂಬಲು ಹೆಣಗುತ್ತದೆ. ಕಿಡ್ನಿಗೆ ರಕ್ತ ಸಾಲದೆ ಮೂತ್ರ ಕಡಿಮೆಯಾಗುತ್ತದೆ. ಹೃದಯಕ್ಕೆ ಮರಳಬೇಕಾದ ರಕ್ತವೂ ತಗ್ಗುತ್ತದೆ. ಇದಕ್ಕೆ ಅಬ್ಡಾಮಿನಲ್ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ.

ಈ ಒತ್ತಡವನ್ನು ಅಳೆಯುವುದು ಮೂತ್ರದ ಕ್ಯಾತಿಟರ್ ಮೂಲಕ: ಮೂತ್ರಕೋಶಕ್ಕೆ ಹೆಚ್ಚೆಂದರೆ 25 ಮಿಲಿ ಸಲೈನ್ ಬಿಟ್ಟು, ಉಸಿರು ಹೊರಬಿಟ್ಟ ಕೊನೆಯಲ್ಲಿ ನೋಡುತ್ತಾರೆ. ಐಸಿಯು ರೋಗಿಗಳಲ್ಲಿ ಸಾಮಾನ್ಯವಾಗಿ 5ರಿಂದ 7 ಮಿಲಿಮೀಟರ್ ಪಾದರಸದಷ್ಟಿರುತ್ತದೆ. 12 ಮುಟ್ಟಿದರೆ ಎಚ್ಚರಿಕೆ. 20 ದಾಟಿ ಅಲ್ಲೇ ನಿಂತು, ಹೊಸದಾಗಿ ಒಂದು ಅಂಗವೂ ಸೋಲತೊಡಗಿದರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದೇ ಲೆಕ್ಕ. ಹಾಗಂತ ತಕ್ಷಣ ಕತ್ತಿಗೆ ಕೈ ಹಾಕುವುದಿಲ್ಲ. ಮೂಗಿನ ನಳಿಗೆಯಿಂದ ಹೊಟ್ಟೆ ಖಾಲಿ ಮಾಡುವುದು, ಸ್ನಾಯು ಸಡಿಲಿಸುವ ಔಷಧಿ, ತುಂಬಿದ ದ್ರವ ಹೊರತೆಗೆಯುವುದು, ಇವೆಲ್ಲ ಮೊದಲು. ಇದಕ್ಕೂ ಬಗ್ಗದಿದ್ದರೆ ಹೊಟ್ಟೆ ತೆರೆಯಲೇಬೇಕು.

ತೆರೆದಿಡುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಮೈಯ ಬಿಸಿ, ನೀರು, ಪ್ರೋಟೀನು ಸೋರಿಹೋಗುತ್ತವೆ. ಕರುಳಿಗೆ ತೂತಾಗಿ ಒಳಗಿನದ್ದು ಹೊರಗೆ ಸೋರುವ ಫಿಸ್ಟುಲಾ ಆದರೆ ಅದನ್ನು ಸಂಭಾಳಿಸುವುದು ಬಲು ಕಷ್ಟ. ದಿನ ಕಳೆದಂತೆ ಹೊಟ್ಟೆಯ ಗೋಡೆ ಎರಡೂ ಬದಿಗೆ ಸರಿಯುತ್ತದೆ, ಚೀಲಕ್ಕೆ ಅದನ್ನು ಹಿಡಿದಿಡುವ ಶಕ್ತಿಯಿಲ್ಲ. ಅನುಕೂಲವಿದ್ದಲ್ಲಿ ಈಗ ದ್ರವವನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಡ್ರೆಸ್ಸಿಂಗಿಗೆ ಮೊದಲ ಆದ್ಯತೆ ಸಿಗುತ್ತಿರುವುದಕ್ಕೆ ಇದೂ ಒಂದು ಕಾರಣ. ಯಾವುದನ್ನೇ ಬಳಸಲಿ, ಒಂದೆರಡು ದಿನಕ್ಕೆ ಮತ್ತೆ ಥಿಯೇಟರಿಗೆ ಒಯ್ದು ಒಳಗೆ ತೊಳೆದು ನೋಡುತ್ತಾರೆ. ಊತ ಇಳಿದರೆ ವಾರದೊಳಗೆ ಹೊಲಿದು ಮುಗಿಸುವುದೇ ಗುರಿ.

ಮನೆಯವರು ದಿನಾ ಕೇಳಬೇಕಾದ ಪ್ರಶ್ನೆಗಳು ಇವು: ಇವತ್ತಿನ ಒತ್ತಡ ಎಷ್ಟು, ಮೂತ್ರ ಎಷ್ಟು ಬಂತು, ಮುಚ್ಚುವ ಯೋಚನೆ ಯಾವಾಗ? ಮುಚ್ಚಲು ಆಗದೇ ಹೋದರೆ ಕರುಳಿನ ಮೇಲೆ ಚರ್ಮದ ಕಸಿ ಮಾಡಿ ಮನೆಗೆ ಕಳಿಸುತ್ತಾರೆ. ಆಮೇಲೆ ಉಳಿಯುವ ಹರ್ನಿಯಾವನ್ನು, ಆರು ತಿಂಗಳೋ ವರ್ಷವೋ ಕಳೆದು ರೋಗಿ ಮೈಕೈ ತುಂಬಿಕೊಂಡ ಮೇಲೆ ಸರಿಪಡಿಸುತ್ತಾರೆ.